ಹತ್ತಕ್ಕೆ ಎಷ್ಟು

ನಾನು ಇಪ್ಪತ್ತೆರಡು ವರ್ಷ ಲೈನ್‌ಮನ್ ಆಗಿದ್ದೆ. ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಯ ತೋಟಗಳ ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳು ನಮ್ಮ ಸೆಕ್ಷನ್ನಿಗೆ ಸೇರಿದ್ದವು. ನಮ್ಮ ಸೀಮೆಯಲ್ಲಿ ಲೈನ್‌ಮನ್ ಕೆಲಸವೆಂದರೆ ಅರ್ಧಪಾಲು ತೆಂಗಿನ ಗರಿಯ ಕೆಲಸ. ಗಾಳಿ ಬೀಸಿದರೆ ಗರಿ ಬೀಳುತ್ತದೆ, ಗರಿ ತಂತಿಯ ಮೇಲೆ ಬಿದ್ದರೆ ಫ್ಯೂಸು ಹೋಗುತ್ತದೆ, ಫ್ಯೂಸು ಹೋದರೆ ಮೋಟಾರು ನಿಲ್ಲುತ್ತದೆ. ಮೋಟಾರು ನಿಂತ ಐದು ನಿಮಿಷಕ್ಕೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಕಂಬ ಹತ್ತುವುದು ನನಗೆ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿತ್ತು. ಮೇಲೆ ಬೆಲ್ಟಿಗೆ ಬೆನ್ನು ಕೊಟ್ಟು ನಿಂತರೆ ಗರಿಗಳ ತುದಿಗಳೆಲ್ಲ ಒಂದೇ ಮಟ್ಟಕ್ಕೆ ಕಾಣುತ್ತಿದ್ದವು. ಒಂದು ಬೀಡಿ ಸೇದುವಷ್ಟು ಹೊತ್ತು ಅಲ್ಲೇ ನಿಂತಿರಬೇಕು ಅನ್ನಿಸುತ್ತಿತ್ತು.

ಕೊನೆಯ ಆರು ವರ್ಷ ನನಗೊಬ್ಬ ಜೊತೆಗಾರನಿದ್ದ. ಹುಳಿಯಾರು ಕಡೆಯ ಹಟ್ಟಿಯವನು, ಕುರಿ ಸಾಕುವ ಮನೆತನ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ನನ್ನನ್ನು ಅಣ್ಣ ಎನ್ನುತ್ತಿದ್ದ, ಅವನ ಹೆಂಡತಿ ಭಾವ ಎನ್ನುತ್ತಿದ್ದಳು. ಹಬ್ಬಕ್ಕೆ ಊರಿಗೆ ಹೋಗಿ ಬಂದರೆ ನಮ್ಮ ಮನೆಗೊಂದು ಡಬ್ಬಿ ತುಪ್ಪ ಬರುತ್ತಿತ್ತು. ಕೆಲಸದಲ್ಲಿ ಅವನು ನನಗಿಂತ ನಿಧಾನ. ಎಲ್ಲವನ್ನೂ ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಬೇಕು. ನಾನು ಅವನನ್ನು ಗೇಲಿ ಮಾಡುತ್ತಿದ್ದೆ.

ಅವತ್ತು ಬೇಸಿಗೆಯ ಮಧ್ಯಾಹ್ನ. ಹಿಂದಿನ ದಿನ ಗಾಳಿ ಬೀಸಿ ಒಂದು ತೋಟದೊಳಗೆ ಗರಿಯೊಂದು ಎರಡು ತಂತಿಗಳ ಮೇಲೆ ಅಡ್ಡ ಬಿದ್ದು ನೇತಾಡುತ್ತಿತ್ತು. ಬೈಕಿನಲ್ಲಿ ಇಬ್ಬರೂ ಹೋಗಿ ತೋಟದವರಿಂದ ಏಣಿ ಇಸಕೊಂಡೆವು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತು ಲೈನು ಸತ್ತಿದೆ ಎಂದು ನೋಡಿಕೊಂಡೆವು. ಆಮೇಲೆ ಮಾಡಬೇಕಾದ ಒಂದು ಕೆಲಸವಿದೆ. ಎಲ್ಲ ತಂತಿಗಳಿಗೂ ಒಟ್ಟಿಗೆ ಕೊಂಡಿ ಸಿಕ್ಕಿಸಿ, ಅದರ ಸರಪಳಿಯನ್ನು ನೆಲಕ್ಕೆ ಹೂಳಿದ ಕಬ್ಬಿಣಕ್ಕೆ ಕಟ್ಟಬೇಕು. ಆಗ ಎಲ್ಲಿಂದಲೋ ತಪ್ಪಿ ಕರೆಂಟು ಬಂದರೂ ಅದು ಸರಪಳಿ ಹಿಡಿದು ಭೂಮಿಗೆ ಇಳಿದುಹೋಗುತ್ತದೆ, ಕಂಬದ ಮೇಲಿದ್ದವನ ಮೈಮೇಲೆ ಹರಿಯುವುದಿಲ್ಲ. ಆ ಸರಪಳಿ ನಮ್ಮ ಬೈಕಿನ ಚೀಲದಲ್ಲಿ ಇರಲಿಲ್ಲ. ಬೆಳಿಗ್ಗೆ ಆಫೀಸಿನಲ್ಲೇ ಬಿಟ್ಟು ಬಂದಿದ್ದೆವು.

ಅವನು ಹೇಳಿದ, "ಅಣ್ಣಾ, ಓಗಿ ತಂದ್ಬುಡ್ತೀನಿ. ಅರ್ಧ ಗಂಟೆ ಅಷ್ಟೆ."

ನನಗೆ ಹೊಟ್ಟೆ ಹಸಿದಿತ್ತು. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನಲ್ಲ. ಮನೆಯಲ್ಲಿ ಅವತ್ತು ಹುರುಳಿಕಾಳಿನ ಸಾರು ಮಾಡಿದ್ದರು. "ಬುಡ್ಲಾ, ಒಂದು ಗರಿ ತೆಗೆಯಾಕೆ ಸರಪಳಿ ಯಾಕ್ಲಾ. ಏಣಿ ಹಿಡ್ಕೊ," ಎಂದೆ.

ಅವನು ಏಣಿ ಹಿಡಿದ. ನಾನು ಹತ್ತಿ ಬೆಲ್ಟು ಹಾಕಿಕೊಂಡು ಗರಿಗೆ ಕೈ ಹಾಕಿದೆ. ಅದೇ ಹೊತ್ತಿಗೆ ಪಕ್ಕದ ತೋಟದಲ್ಲಿ ಯಾರೋ ಜನರೇಟರು ಶುರು ಮಾಡಿದರು. ಸರಿಯಾಗಿ ಜೋಡಿಸದ ಜನರೇಟರಿನಿಂದ ಕರೆಂಟು ಹಿಂದಕ್ಕೆ ಲೈನಿಗೆ ಬಂತು ಎಂದು ಆಮೇಲೆ ತಿಳಿಯಿತು. ನನಗೆ ಗೊತ್ತಾದದ್ದು ಬಲಗೈಯನ್ನು ಯಾರೋ ಹಿಡಿದು ತಿರುಚಿದ ಹಾಗಾದದ್ದು, ಮತ್ತು ಬಾಯಲ್ಲಿ ತುಕ್ಕಿನ ರುಚಿ. ಕೈ ಹೇಗೋ ತಂತಿಯಿಂದ ಬಿಟ್ಟುಕೊಂಡಿತು. ಬೆಲ್ಟಿನಲ್ಲಿ ತಲೆ ಕೆಳಗಾಗಿ ನೇತಾಡುತ್ತಿದ್ದೆ. ಕೂಗಲು ಆಗುತ್ತಿರಲಿಲ್ಲ, ಆದರೆ ಕಿವಿ ಕೇಳುತ್ತಿತ್ತು. ಕೆಳಗಿನಿಂದ ಅವನ ಧ್ವನಿ ಬಂತು, "ಅಣ್ಣಾ, ಇರು, ಬಂದೆ." ಏಣಿಯ ಮೇಲೆ ಅವನ ಕಾಲಿನ ಸದ್ದು ಹತ್ತಿರ ಹತ್ತಿರ ಬಂತು. ಎಲ್ಲವನ್ನೂ ಪುಸ್ತಕದಂತೆ ಮಾಡುವವನು ಅವತ್ತೊಂದು ದಿನ ಲೈನನ್ನು ಪರೀಕ್ಷಿಸದೆ ಹತ್ತಿದ. ನನ್ನ ಸೊಂಟಕ್ಕೆ ಕೈ ಹಾಕಿ ಎತ್ತುವಾಗ ಅವನ ತಲೆ ತಂತಿಗೆ ತಾಗಿತು. ನಾನು ನೋಡಲಿಲ್ಲ. ಅವನ ಕೈ ನನ್ನ ಸೊಂಟದಿಂದ ಕಳಚಿಕೊಂಡದ್ದು ಮಾತ್ರ ಗೊತ್ತು. ಅವನು ಕೆಳಗೆ ತೆಂಗಿನ ಪಾತಿಯೊಳಗೆ ಬಿದ್ದ. ತೋಟದವರು ಓಡಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ನನ್ನನ್ನು ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಒಯ್ದರು. ಅಂಗೈಗೆ ಎರಡು ಸಲ ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಒಳಕ್ಕೆ ಮಡಿಚಿಕೊಂಡು ಹಾಗೇ ಉಳಿದವು. ಮೂರನೆಯ ವಾರ ನಮ್ಮ ಸಹೋದ್ಯೋಗಿಗಳಲ್ಲಿ ಹಿರಿಯರೊಬ್ಬರು ಆಸ್ಪತ್ರೆಗೆ ಬಂದರು. ಹಣ್ಣು ಇಟ್ಟು, ನನ್ನ ಹೆಂಡತಿಯನ್ನು ಕಾಫಿ ತರಲು ಕಳಿಸಿ, ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು.

"ವಿಚಾರಣೆಗೆ ಬತ್ತಾರೆ. ಸರಪಳಿ ಹಾಕಿದ್ವಿ, ಗರಿ ಎಳೆಯುವಾಗ ಕೊಂಡಿ ಕಳಚ್ಕಂತು ಅಂತ ಬರೆದುಕೊಡು."

"ನಾವು ಹಾಕಿರಲಿಲ್ಲ," ಎಂದೆ.

"ಗೊತ್ತು ಕಣಪ್ಪ. ಹಾಕಿರಲಿಲ್ಲ ಅಂತ ಬರೆದ್ರೆ ಅದು ನಿಮ್ಮಿಬ್ಬರ ತಪ್ಪಾಯ್ತದೆ. ನಿನ್ ಕೆಲ್ಸ ಹೋಯ್ತು ಅನ್ನು, ಹೋಗ್ಲಿ. ಅವನ ಹೆಂಡ್ತಿಗೆ ಅನುಕಂಪದ ಮೇಲೆ ಬರೋ ಕೆಲ್ಸ ಎಷ್ಟು ವರ್ಷ ಎಳೀತದೋ ಯೋಚನೆ ಮಾಡು. ಎರಡು ಮಕ್ಕಳವೆ."

ಅವರು ಕೆಟ್ಟವರಲ್ಲ. ಅವನ ಹೆಂಡತಿಯ ಕೆಲಸದ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಕಂಬದ ಬುಡದಲ್ಲಿ ಸರಪಳಿಯೊಂದು ಬಿದ್ದಿತ್ತೆಂದು ಆಮೇಲೆ ವರದಿಯಲ್ಲಿ ಬಂತು. ಅದನ್ನು ಅಲ್ಲಿ ಯಾರು ತಂದಿಟ್ಟರು ಎಂದು ನಾನು ಕೇಳಲಿಲ್ಲ. ವಿಚಾರಣೆಯವರು ಬಂದಾಗ ಹಿರಿಯರು ಹೇಳಿಕೊಟ್ಟದ್ದನ್ನೇ ಹೇಳಿದೆ. ಅವರು ಅದನ್ನು ಬರೆದುಕೊಂಡು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಓದು ಬರಹ ಬರುವ ನಾನು ಜೀವನದಲ್ಲಿ ಹೆಬ್ಬೆಟ್ಟು ಒತ್ತಿದ್ದು ಅದೊಂದೇ ಸಲ.

ಎಂಟು ತಿಂಗಳು ಮನೆಯಲ್ಲಿದ್ದೆ. ಹೆಂಡತಿ ಅಂಗನವಾಡಿಗೆ ಹೋದರೆ ನಾನು ಜಗುಲಿಯ ಮೇಲೆ ಕೂತು ಮೆತ್ತಗಿನ ಚೆಂಡನ್ನು ಅಮುಕುತ್ತಿದ್ದೆ. ಬೆರಳಿಗೆ ಬಲ ಬರಲೆಂದು ಡಾಕ್ಟರು ಹೇಳಿದ ವ್ಯಾಯಾಮ ಅದು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, "ದೇವರು ದೊಡ್ಡೋನು, ನೀನು ಉಳ್ಕೊಂಡೆ." ಹೂಂ ಅನ್ನುತ್ತಿದ್ದೆ. ಕೈ ಸುಮಾರಾಗಿ ಹಿಡಿತಕ್ಕೆ ಬಂತು. ಕೊನೆಗೆ ಡಾಕ್ಟರು ಒಂದು ಕಾಗದ ಬರೆದುಕೊಟ್ಟರು: ಮೂರು ತಿಂಗಳು ಆಫೀಸಿನಲ್ಲಿ ಹಗುರವಾದ ಕೆಲಸ, ಜೊತೆಗೆ ಮಾನಸಿಕ ಸಲಹೆ, ಅದಾದ ಮೇಲೆ ಮೂಲ ಕೆಲಸ. ಮೂಲ ಕೆಲಸ ಎಂದರೆ ಕಂಬ.

ಮಾನಸಿಕ ಸಲಹೆ ಎಂಬ ಮಾತು ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ನನ್ನ ಹೆಂಡತಿ, "ಯಾರಿಗೂ ಹೇಳ್ಬ್ಯಾಡಿ ಕಣ್ರೀ, ಕೈಗೆ ತೋರಿಸೋಕೆ ಹೋಗ್ತೀನಿ ಅನ್ನಿ," ಎಂದಳು. ಹಾಗೇ ಹೇಳಿಕೊಂಡು ಗುರುವಾರ ಗುರುವಾರ ಸರ್ಕಾರಿ ಆಸ್ಪತ್ರೆಗೆ ಹೋಗತೊಡಗಿದೆ. ಸಲಹೆ ಕೊಡುವ ಮೇಡಂ ವಾರಕ್ಕೊಂದು ದಿನ ತುಮಕೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಮೂವತ್ತರ ಆಸುಪಾಸಿನವರು, ಗುತ್ತಿಗೆಯ ಮೇಲೆ ಇದ್ದವರು. ಅವರಿಗೆ ಕೊಟ್ಟಿದ್ದ ಕೋಣೆಯ ಅರ್ಧಕ್ಕೆ ಲಸಿಕೆ ಒಯ್ಯುವ ನೀಲಿ ಡಬ್ಬಿಗಳನ್ನು ಪೇರಿಸಿದ್ದರು. ಮಾತಿನ ನಡುವೆ ನರ್ಸುಗಳು ಬಾಗಿಲು ತಳ್ಳಿಕೊಂಡು ಬಂದು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು. ಆಗೆಲ್ಲ ಮೇಡಂ ಮಾತು ನಿಲ್ಲಿಸಿ, ಬಾಗಿಲು ಮತ್ತೆ ಮುಚ್ಚಿದ ಮೇಲೆ, "ಹೇಳಿ," ಎನ್ನುತ್ತಿದ್ದರು.

ಮೊದಲ ದಿನ ಅವರು ಕೇಳಿದ್ದು, "ಕಂಬ ಅಂತ ನೆನೆಸಿಕೊಂಡ ತಕ್ಷಣ ಎಷ್ಟು ಭಯ ಆಗುತ್ತೆ? ಹತ್ತಕ್ಕೆ ಎಷ್ಟು?"

ನಮ್ಮ ಆಫೀಸಿನಲ್ಲಿ ಹತ್ತಕ್ಕೆ ಎಷ್ಟು ಎಂದು ಯಾರೂ ಯಾವುದನ್ನೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಎಂಟು ಎಂದೆ. ಅವರು ಬರೆದುಕೊಂಡರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಕೊನೆಯಲ್ಲಿ ನಾನು ಕೆಲಸಕ್ಕೆ ಯೋಗ್ಯ ಎಂಬ ಫಾರಂಗೆ ಸಹಿ ಮಾಡುವವರು ಅವರೇ ಎಂದು ನನಗೆ ಗೊತ್ತಿತ್ತು. ಆ ಫಾರಂ ನಮ್ಮ ಆಫೀಸಿಗೆ ಹೋಗುತ್ತದೆ. ಆಫೀಸಿನ ಕಪಾಟಿನಲ್ಲಿ ನನ್ನ ಹೆಬ್ಬೆಟ್ಟಿನ ಹೇಳಿಕೆ ಇದೆ. ಹೀಗಾಗಿ ಅವರು ಅಪಘಾತದ ದಿನ ಏನಾಯಿತು ಎಂದು ಕೇಳಿದಾಗ ಹೇಳಿಕೆಯಲ್ಲಿದ್ದುದನ್ನೇ ಹೇಳಿದೆ. ಸರಪಳಿ ಹಾಕಿದೆವು, ಕೊಂಡಿ ಕಳಚಿತು. ಅವರು ತಲೆಯಾಡಿಸಿದರು. "ನಿಮ್ಮ ಕೈ ಮೀರಿ ಆದದ್ದು," ಎಂದರು. ಆ ಮಾತು ಕೇಳಿ ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು.

ಅವರು ಮಾತ್ರ ನಿಷ್ಠೆಯಿಂದ ಕೆಲಸ ಮಾಡಿದರು. ನೋಟುಬುಕ್ಕಿನಲ್ಲಿ ನನಗಾಗಿ ಒಂದು ಪಟ್ಟಿ ಬರೆದುಕೊಟ್ಟರು. ಮೊದಲ ವಾರ ದಿನಾ ಹತ್ತು ನಿಮಿಷ ಮನೆ ಮುಂದಿನ ಕಂಬವನ್ನು ನೋಡುತ್ತ ನಿಲ್ಲುವುದು. ಎರಡನೆಯ ವಾರ ಮನೆಯೊಳಗೆ ಬೆಲ್ಟು ಕಟ್ಟಿಕೊಂಡು ಓಡಾಡುವುದು. ಆಮೇಲೆ ಕಂಬ ಮುಟ್ಟುವುದು, ಏಣಿಯ ಮೂರು ಮೆಟ್ಟಿಲು, ಆರು ಮೆಟ್ಟಿಲು. ಪ್ರತಿ ಸಲವೂ ಭಯ ಎಷ್ಟು ಎಂದು ಬರೆಯಬೇಕು. ಬೆಲ್ಟು ಕಟ್ಟಿಕೊಂಡು ನಡುಮನೆಯಲ್ಲಿ ತಿರುಗುವಾಗ ನನ್ನ ಮಗಳು ನಕ್ಕಳು, ನಾನೂ ನಕ್ಕೆ. ಅಪಘಾತವಾದ ಮೇಲೆ ಮನೆಯಲ್ಲಿ ನಗು ಕೇಳಿದ್ದು ಅವತ್ತೇ ಮೊದಲಿರಬೇಕು. ಮೇಡಂಗೆ ಅದನ್ನು ಹೇಳಿದಾಗ ಅವರು ಅದನ್ನೂ ಬರೆದುಕೊಂಡರು.

ಅಂಕಿಗಳು ಇಳಿಯತೊಡಗಿದವು. ಎಂಟು ಆರಾಯಿತು, ಆರು ನಾಲ್ಕಾಯಿತು. ಸುಳ್ಳು ಅಂಕಿಗಳಲ್ಲ. ಕಂಬದ ಭಯ ನನಗೆ ನಿಜಕ್ಕೂ ಕಡಿಮೆಯಾಗುತ್ತಿತ್ತು. ಅವರ ವಿದ್ಯೆ ಆ ಭಯದ ಮೇಲೆ ಕೆಲಸ ಮಾಡುತ್ತಿತ್ತು.

ಈ ನಡುವೆ ನನ್ನ ಜೊತೆಗಾರನ ಹೆಂಡತಿಗೆ ಕೆಲಸದ ಆದೇಶ ಬಂತು. ನಮ್ಮದೇ ಸೆಕ್ಷನ್ ಆಫೀಸಿನಲ್ಲಿ ಸಹಾಯಕಿ. ಪಿಯುಸಿ ಓದಿದ್ದಳು. ಮಕ್ಕಳನ್ನು ಹಟ್ಟಿಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಹುಳಿಯಾರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲ ದಿನ ನಾನು ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದೆ. ನೇರ ನನ್ನ ಹತ್ತಿರ ಬಂದು, "ಕೈ ಎಂಗೈತೆ ಭಾವ?" ಎಂದು ಕೇಳಿದಳು. ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಚರ್ಮ ಹಾಕಿದ್ದ ಜಾಗವನ್ನು ನೋಡಿದಳು. "ನೀವಾದ್ರೂ ಉಳಿದ್ರಲ್ಲ. ಅವರು ಮೇಲೆ ಹತ್ತಿ ಹೋದ ಕೆಲಸ ಅಷ್ಟಾದ್ರೂ ಆಯ್ತು," ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಆಫೀಸಿನವರೆಲ್ಲ ಅವಳ ದೊಡ್ಡ ಮನಸ್ಸು ಎಂದರು. ನಾನು ಹಿತ್ತಲಿಗೆ ಹೋಗಿ ಹಳೆಯ ಇನ್ಸುಲೇಟರುಗಳ ರಾಶಿಯ ಪಕ್ಕ ಬಹಳ ಹೊತ್ತು ನಿಂತಿದ್ದು ಬಂದೆ.

ಆಫೀಸಿನ ಹಿತ್ತಲಲ್ಲಿ ಹೊಸಬರಿಗೆ ಕಲಿಸಲೆಂದು ನೆಟ್ಟ ಒಂದು ಕಂಬವಿದೆ. ಅದಕ್ಕೆ ತಂತಿಯಿಲ್ಲ, ಕರೆಂಟಿಲ್ಲ. ಒಂದು ಗುರುವಾರ ಮೇಡಂ ನಮ್ಮ ಸೆಕ್ಷನ್ನಿನ ಇಂಜಿನಿಯರ್ ಸಾಹೇಬರ ಅನುಮತಿ ಪಡೆದು ಅಲ್ಲಿಗೇ ಬಂದರು. ಛತ್ರಿ ಹಿಡಿದು ಕಂಬದ ಪಕ್ಕ ನಿಂತರು. ಆಫೀಸಿನವರು ಬಾಗಿಲಲ್ಲಿ ಗುಂಪಾದರು. ನಾನು ಬೆಲ್ಟು ಕಟ್ಟಿಕೊಂಡು ಹತ್ತಿದೆ. ಬಲಗೈ ಎರಡು ಸಲ ಜಾರಿತು, ಎಡಗೈ ಹಿಡಿಯಿತು. ತುದಿ ಮುಟ್ಟಿದೆ. ಅಲ್ಲಿಂದ ಕೊಬ್ಬರಿ ಮಾರುಕಟ್ಟೆಯ ಹೆಂಚುಗಳೂ ಲಾರಿಗಳ ಸಾಲೂ ಕಂಡವು. ಕೆಳಗೆ ಚಪ್ಪಾಳೆ ತಟ್ಟಿದರು. ಜೊತೆಗಾರನ ಹೆಂಡತಿಯೂ ತಟ್ಟುತ್ತಿದ್ದಳು. ಮೇಡಂ ಕತ್ತೆತ್ತಿ, "ಹತ್ತಕ್ಕೆ ಎಷ್ಟು?" ಎಂದು ಕೂಗಿ ಕೇಳಿದರು. ಎರಡು ಎಂದೆ. ಅದೂ ನಿಜವೇ.

ಮುಂದಿನ ವಾರ ನಿಜವಾದ ಲೈನು. ಊರಾಚೆ ಒಂದು ಕಂಬಕ್ಕೆ ಬಲ್ಬಿನ ಜೋಡಣೆ ಸರಿ ಮಾಡುವ ಸಣ್ಣ ಕೆಲಸ ಕೊಟ್ಟರು. ಮೇಡಂ ಬಂದಿದ್ದರು. ಸಾಹೇಬರೂ ಬಂದಿದ್ದರು. ಲೈನು ಸತ್ತಿದೆ ಎಂದು ಎರಡೆರಡು ಸಲ ನೋಡಿದರು. ಆಮೇಲೆ ಸಾಹೇಬರು ಬೈಕಿನ ಚೀಲದಿಂದ ಸರಪಳಿ ತೆಗೆದು ನನ್ನ ಕೈಗಿತ್ತು, "ನೀನೇ ಹಾಕಪ್ಪ, ನಿನಗೂ ಧೈರ್ಯ ಇರ್ತದೆ," ಎಂದರು.

ಸರಪಳಿ ಬಿಸಿಲಿಗೆ ಕಾದಿತ್ತು. ಅದನ್ನು ಕೈಯಲ್ಲಿ ಹಿಡಿದೆ. ಹಾಕುವುದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ನಿಮಿಷ. ಕೈ ನೆಟ್ಟಗಿಲ್ಲದವನಿಗೆ ಐದು. ನಿಂತಲ್ಲೇ ಕೂತುಬಿಟ್ಟೆ. ಉಸಿರು ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿರಲಿಲ್ಲ. ಬಟ್ಟೆಯಲ್ಲೇ ಮೂತ್ರ ಹೋಯಿತು. ಸಾಹೇಬರು ಮುಖ ಆ ಕಡೆ ತಿರುಗಿಸಿದರು. ಮೇಡಂ ನೆಲದ ಮೇಲೆ ನನ್ನ ಪಕ್ಕ ಕೂತು, "ನಿಧಾನ, ನಿಧಾನ," ಎನ್ನುತ್ತ ನನ್ನ ಕೈಯಿಂದ ಸರಪಳಿ ಬಿಡಿಸಲು ನೋಡಿದರು. ನನ್ನ ಮುಷ್ಟಿ ಬಿಡುತ್ತಿರಲಿಲ್ಲ. ಎಂಟು ತಿಂಗಳು ಚೆಂಡು ಅಮುಕಿ ಸಂಪಾದಿಸಿದ ಹಿಡಿತ ಅದು.

ಆಮೇಲಿನ ಗುರುವಾರ ಮೇಡಂ ಮುಖದಲ್ಲಿ ಗೊಂದಲವಿತ್ತು. "ಒಂದು ವಿಷಯ ನನಗೆ ಅರ್ಥ ಆಗ್ತಿಲ್ಲ. ಎಲ್ಲರಿಗೂ ಸರಪಳಿ ಅಂದ್ರೆ ಧೈರ್ಯ. ನಿಮಗೆ ಕಂಬದ ತುದಿಯಲ್ಲಿ ಭಯ ಆಗಲಿಲ್ಲ, ಸರಪಳಿ ಕೈಗೆ ಬಂದಾಗ ಆಯ್ತು. ಯಾಕೆ?"

"ಬಿಸಿಲಿತ್ತು ಮೇಡಂ. ತಿಂಡಿ ತಿಂದಿರಲಿಲ್ಲ."

ಅವರು ಒತ್ತಾಯ ಮಾಡಲಿಲ್ಲ. ಮುಂದಿನ ವಾರವೂ ಅದನ್ನೇ ಬೇರೆ ರೀತಿಯಲ್ಲಿ ಕೇಳಿದರು, ನಾನು ಬೇರೆ ಸುಳ್ಳು ಹೇಳಿದೆ. ಮೂರನೆಯ ವಾರ ಅವರು ಏನನ್ನೂ ಕೇಳಲಿಲ್ಲ. ತಮ್ಮ ಊಟದ ಡಬ್ಬಿ ಬಿಚ್ಚಿ ಚಪಾತಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟರು. ಇಬ್ಬರೂ ಸುಮ್ಮನೆ ತಿಂದೆವು. ಅವರು ಕೇಳದೆ ಕೂತಿದ್ದು ಕೇಳಿದ್ದಕ್ಕಿಂತ ಕಷ್ಟವಾಯಿತು. ಚಪಾತಿ ಬಾಯಲ್ಲಿರುವಾಗಲೇ ಹೇಳಿದೆ.

"ಸರಪಳಿ ಹಾಕಿರಲಿಲ್ಲ ಮೇಡಂ. ತತ್ತೀನಿ ಅಂದ ಅವನು. ನಾನೇ ಬ್ಯಾಡ ಅಂದೆ. ನನಗೆ ಹೊಟ್ಟೆ ಹಸಿದಿತ್ತು."

ಆಮೇಲೆ ಉಳಿದದ್ದನ್ನೂ ಹೇಳಿದೆ. ಆಸ್ಪತ್ರೆಗೆ ಬಂದ ಹಿರಿಯರು, ಹೇಳಿಕೆ, ಹೆಬ್ಬೆಟ್ಟು. ಅವರು ಪೆನ್ನನ್ನು ಮುಟ್ಟಲಿಲ್ಲ. ಒಬ್ಬ ನರ್ಸು ಡಬ್ಬಿಗೆಂದು ಬಂದಾಗ ಕೈ ಅಡ್ಡ ಹಿಡಿದು ವಾಪಸು ಕಳಿಸಿದರು. ನಾನು ಹೇಳಿ ಮುಗಿಸಿದ ಮೇಲೆ ನೋಟುಬುಕ್ಕು ಮುಚ್ಚಿ ಪಕ್ಕಕ್ಕಿಟ್ಟರು.

"ಇದನ್ನ ನಾನು ಎಲ್ಲೂ ಬರೆಯಲ್ಲ. ಇಲ್ಲಿ ಹೇಳಿದ್ದು ನಿಮ್ಮ ಆಫೀಸಿಗೆ ಹೋಗಲ್ಲ, ಫಾರಂ ಮಾತ್ರ ಹೋಗುತ್ತೆ. ಮೊದಲ ದಿನವೇ ಇದನ್ನ ಹೇಳಿದ್ದೆ ನಿಮಗೆ," ಎಂದರು.

ಹೇಳಿದ್ದರು. ಆದರೆ ಪೆನ್ನು ಹಿಡಿದವರು ಹೇಳುವ ಅಂಥ ಮಾತನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ.

"ಹೇಳಿದ ಮೇಲೆ ಹಗುರ ಅನ್ನಿಸ್ತಿದೆಯಾ?" ಎಂದು ಕೇಳಿದರು.

ಅವರ ಮುಖ ನೋಡಿದೆ. ಹೌದು ಎನ್ನಬೇಕಿತ್ತು. ಅರ್ಧ ಚಪಾತಿ ಕೊಟ್ಟವರು. "ಇಲ್ಲ ಮೇಡಂ," ಎಂದೆ.

ಅವರು ತಲೆ ತಗ್ಗಿಸಿದರು. "ನಾನು ಇಷ್ಟು ದಿನ ನಿಮ್ಮ ಭಯಕ್ಕೆ ಔಷಧಿ ಕೊಡ್ತಿದ್ದೆ. ನಿಮಗಿರೋದು ಭಯ ಅಲ್ಲ," ಎಂದರು. ಆಮೇಲೆ, "ಇದನ್ನ ನೀವು ಅವರ ಹೆಂಡತಿಗೆ ಹೇಳಬೇಕು ಅಂತ ನಾನು ಹೇಳಲ್ಲ. ಅದು ನಿಮ್ಮ ತೀರ್ಮಾನ, ಅದರಿಂದ ಅವರಿಗೆ ಏನಾಗುತ್ತೆ ಅಂತಾನೂ ನೋಡಬೇಕು. ಆದ್ರೆ ಹೇಳೋ ಮನಸ್ಸಾದ್ರೆ ನಾನು ಜೊತೆಗೆ ಬಂದು ಕೂತ್ಕೋತೀನಿ. ಯೋಚನೆ ಮಾಡಿ, ಮುಂದಿನ ವಾರ ಮಾತಾಡೋಣ," ಎಂದರು.

ಆ ವಾರವೆಲ್ಲ ಯೋಚಿಸಿದೆ. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಹೇಳಿ, ಅದು ಅವಳ ಬಾಯಿಂದ ಯಾರಿಗಾದರೂ ಹೋಗಿ, ಹಳೆಯ ವರದಿಯನ್ನು ಮತ್ತೆ ಬಿಚ್ಚಿದರೆ ಅವಳ ಗತಿಯೇನು ಎಂದುಕೊಂಡೆ. ಇದು ಅವಳ ಮೇಲಿನ ಕಾಳಜಿಯೋ ನನ್ನ ಹೇಡಿತನವೋ ನನಗೇ ಬೇರ್ಪಡಿಸಲು ಆಗಲಿಲ್ಲ. ಇವತ್ತಿಗೂ ಆಗಿಲ್ಲ. ಬುಧವಾರ ಸಂಜೆ ಒಂದು ತೀರ್ಮಾನಕ್ಕೆ ಬಂದೆ. ಮೇಡಂ ಜೊತೆಗಿದ್ದರೆ ಹೇಳಿಬಿಡುವುದು.

ಗುರುವಾರ ಹೋದರೆ ಕೋಣೆಗೆ ಬೀಗ. ನರ್ಸನ್ನು ಕೇಳಿದೆ. ಗುತ್ತಿಗೆಯವರನ್ನು ಮುಂದುವರಿಸಿಲ್ಲ, ಹೊಸಬರು ಬರುವ ತನಕ ಈ ಕೆಲಸ ಇರುವುದಿಲ್ಲ ಎಂದರು. ಸಂಜೆ ಮೇಡಂ ಫೋನು ಮಾಡಿದರು. ತಮಗೂ ಎರಡು ದಿನದ ಹಿಂದಷ್ಟೇ ತಿಳಿಯಿತು ಎಂದರು. ನನ್ನ ಫಾರಂನಲ್ಲಿ ಇನ್ನಷ್ಟು ಸಮಯ ಬೇಕು ಎಂದು ಬರೆದಿರುವುದಾಗಿ ಹೇಳಿದರು. "ಕೆಲಸ ಇರಲಿ ಇಲ್ಲದಿರಲಿ, ನೀವು ಕರೆದರೆ ಒಂದು ದಿನ ರಜೆ ಹಾಕಿ ಬರ್ತೀನಿ," ಎಂದರು. ಅದಕ್ಕೆ ಆಗಲಿ ಮೇಡಂ ಎಂದೆ. ಅವರ ನಂಬರು ಈಗಲೂ ನನ್ನ ಫೋನಿನಲ್ಲಿದೆ. ಒಂದು ಸಲವೂ ಮಾಡಲಿಲ್ಲ. ಮೊದಲು ನಾಳೆ ಮಾಡೋಣ ಎಂದುಕೊಳ್ಳುತ್ತಿದ್ದೆ, ಆಮೇಲೆ ತಡವಾಯಿತು ಎಂದುಕೊಂಡೆ.

ನನ್ನನ್ನು ಮತ್ತೆ ವೈದ್ಯರ ಮಂಡಳಿಯ ಮುಂದೆ ನಿಲ್ಲಿಸಿದರು. ಅವರು ನನ್ನ ಕೈ ಮಾತ್ರ ನೋಡಿದರು. ಬೆರಳುಗಳ ಹಿಡಿತ ಸಾಲದು, ಕಂಬದ ಕೆಲಸಕ್ಕೆ ಶಾಶ್ವತವಾಗಿ ಅನರ್ಹ, ಕುಳಿತು ಮಾಡುವ ಕೆಲಸ ಕೊಡಬಹುದು ಎಂದು ಬರೆದರು. ನನ್ನ ಹೆಂಡತಿಗೆ ಸಮಾಧಾನವಾಯಿತು. "ಇನ್ಮೇಲೆ ನೆರಳಲ್ಲಿ ಕೂತ್ಕಂಡು ಮಾಡೋ ಕೆಲ್ಸ. ಬುಡಿ, ಸಾಕು," ಎಂದಳು. ಅವಳಿಗೂ ನಾನು ಹೇಳಿರಲಿಲ್ಲ.

ಹೀಗೆ ದೂರಿನ ಮೇಜು ನನ್ನದೇ ಆಯಿತು. ಫೋನು ಬರುತ್ತದೆ, ಯಾವ ಊರು, ಯಾವ ತೋಟ, ಏನಾಗಿದೆ ಎಂದು ಬರೆದುಕೊಂಡು ಲೈನ್‌ಮನ್‌ಗಳಿಗೆ ಹೇಳಬೇಕು. ಅವರು ಹೊರಡುವಾಗ ನಾನು, "ಸರಪಳಿ ತಗಂಡ್ರಾ?" ಎಂದು ಕೇಳುತ್ತಿದ್ದೆ. ದಾರಿಯಲ್ಲಿರುವಾಗ ಫೋನು ಮಾಡಿ ಕೇಳುತ್ತಿದ್ದೆ. ಕಂಬದ ಹತ್ತಿರ ಹೋದ ಮೇಲೆ ಹಾಕಿದ್ದರ ಫೋಟೋ ಕಳಿಸಿ ಎನ್ನುತ್ತಿದ್ದೆ. ಫೋಟೋ ಬಂದ ಮೇಲೂ ಮತ್ತೆ ಫೋನು ಮಾಡುತ್ತಿದ್ದೆ. ಒಬ್ಬ ಕಂಬದ ಮೇಲಿದ್ದಾಗಲೇ ನನ್ನ ಫೋನಿಗೆ ಬೆಚ್ಚಿ ಕೈ ಜಾರಿ ಬೆಲ್ಟಿನಲ್ಲಿ ನೇತಾಡಿದ. ಅವನಿಗೆ ಏನೂ ಆಗಲಿಲ್ಲ, ಆದರೆ ಆಫೀಸಿಗೆ ಬಂದು ಮೇಜಿನ ಮುಂದೆ ನಿಂತು, "ನಮ್ಮನ್ನ ಉಳಿಸ್ತೀಯೋ ಕೊಲ್ತೀಯೋ ಮಾರಾಯ?" ಎಂದ. ಸಾಹೇಬರು ಅವತ್ತೇ ಆ ಮೇಜಿನಿಂದ ನನ್ನನ್ನು ಎಬ್ಬಿಸಿ ಒಳಗಿನ ಕೋಣೆಯಲ್ಲಿ ಹಳೆಯ ಕಡತಗಳನ್ನು ಜೋಡಿಸಲು ಕೂರಿಸಿದರು. ದೂರಿನ ಮೇಜನ್ನು ಜೊತೆಗಾರನ ಹೆಂಡತಿಗೆ ಕೊಟ್ಟರು. ಅವಳು ಅದನ್ನು ನನಗಿಂತ ಚೆನ್ನಾಗಿ ನೋಡಿಕೊಂಡಳು. ಒಂದು ಸಲ ಕೇಳುತ್ತಿದ್ದಳು, ಒಂದು ಸಲ ಬರೆದುಕೊಳ್ಳುತ್ತಿದ್ದಳು. ಸಾಮಾನು ಕೊಡುವ ರಿಜಿಸ್ಟರೂ ಅವಳ ಸುಪರ್ದಿಗೆ ಬಂತು.

ಒಂದು ಮಧ್ಯಾಹ್ನ ಎಲ್ಲರೂ ಲೈನಿನ ಮೇಲೆ ಹೋಗಿದ್ದರು. ನಾನು ಒಳಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಅವಳು ಹಳೆಯ ರಿಜಿಸ್ಟರೊಂದನ್ನು ಹಿಡಿದುಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಊಟದ ಹೊತ್ತಿನಲ್ಲಿ ಬಂದು ಕೂರುವುದು ಹೊಸದಲ್ಲ. ನನ್ನ ಡಬ್ಬಿಗೆ ಒಂದು ಚಮಚ ಚಟ್ನಿ ಹಾಕಿ ಹೋಗುತ್ತಿದ್ದಳು. ಅವತ್ತು ಚಟ್ನಿ ತಂದಿರಲಿಲ್ಲ.

"ಭಾವ, ಒಂದು ಕೇಳ್ತೀನಿ. ಬೇಜಾರು ಮಾಡ್ಕಬ್ಯಾಡಿ."

"ಕೇಳಮ್ಮ."

"ಸರಪಳಿ ತಗಂಡು ಹೋಗೋರು ಇದ್ರಲ್ಲಿ ಸಹಿ ಹಾಕಿ ಹೋಗಬೇಕು ಅಲ್ವ?"

"ಹೌದು."

"ಆವತ್ತಿನ ಪುಟದಲ್ಲಿ ನಿಮ್ಮಿಬ್ಬರದೂ ಸಹಿ ಇಲ್ಲ." ಅವಳು ಪುಟ ತೆರೆಯಲಿಲ್ಲ. ಬೆರಳನ್ನು ಮಾತ್ರ ಆ ಪುಟದ ನಡುವೆ ಇಟ್ಟುಕೊಂಡಿದ್ದಳು. "ಅವರು ಸಹಿ ಮಾಡದೆ ಒಂದು ನಟ್ಟೂ ಎತ್ತೋರಲ್ಲ ಕಣ್ರೀ. ಮನೇಲೂ ಅಂಗೇ ಇದ್ರು. ಆವತ್ತು ನಿಜವಾಗ್ಲೂ ಸರಪಳಿ ಹಾಕಿದ್ರಾ?"

ಮೇಡಂ ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು. ಇದ್ದಿದ್ದರೆ ಹೇಳುತ್ತಿದ್ದೆನೆಂದು ಈಗ ಖಾತ್ರಿಯಾಗಿ ಹೇಳಲಾರೆ. ಅವಳ ಕೆಲಸ ಆ ಹೊತ್ತಿಗೆ ಖಾಯಂ ಆಗಿತ್ತು. ಆ ನೆಪವೂ ನನಗೆ ಉಳಿದಿರಲಿಲ್ಲ. ಅವಳು ಕಾಯುತ್ತಿದ್ದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಗಂಡ ಹೇಗೆ ಸತ್ತ ಎಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ಆ ಹೊತ್ತು ಅಲ್ಲಿದ್ದು ಅದನ್ನು ಹೇಳಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ ಇದ್ದೆ.

"ಹಾಕಿದ್ವಿ," ಎಂದೆ. "ಅವಸರದಲ್ಲಿ ಸಹಿ ಮಾಡೋದು ಮರೆತಿರಬೇಕು. ಗರಿ ಎಳೆಯುವಾಗ ಕೊಂಡಿ ಕಳಚ್ಕಂತು."

"ಹೂಂ," ಎಂದಳು. ಬೆರಳನ್ನು ಪುಟದಿಂದ ತೆಗೆದು, ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ಎದ್ದು ಹೋದಳು. ಹೊರಗೆ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಎತ್ತಿದ್ದು ಕೇಳಿಸಿತು. "ಯಾವೂರು? ಗರಿ ಬಿದ್ದೈತಾ? ಮುಟ್ಟಬ್ಯಾಡಿ, ದೂರ ನಿಂತ್ಕಳಿ, ಕಳಿಸ್ತೀನಿ," ಎನ್ನುತ್ತಿದ್ದಳು.

ಮಾರನೆಯ ದಿನದಿಂದ ನನ್ನನ್ನು ಸಾರ್ ಎಂದು ಕರೆಯತೊಡಗಿದಳು. ಯಾರಿಗೂ ಏನೂ ಹೇಳಲಿಲ್ಲ, ರಿಜಿಸ್ಟರನ್ನು ಯಾರಿಗೂ ತೋರಿಸಲಿಲ್ಲ. ಹೇಳಿದ್ದರೆ ನನಗೆ ಒಂದು ಥರದ ಬಿಡುಗಡೆಯಾಗುತ್ತಿತ್ತೋ ಏನೋ. ಆರು ತಿಂಗಳ ಮೇಲೆ ಚಿಕ್ಕನಾಯಕನಹಳ್ಳಿ ಕಡೆಗೆ ವರ್ಗ ಕೇಳಿಕೊಂಡು ಹೋದಳು. ಮಕ್ಕಳಿಗೆ ಹತ್ತಿರ ಆಗ್ತದೆ ಎಂದು ಸಾಹೇಬರಿಗೆ ಹೇಳಿದಳಂತೆ. ಹೊರಡುವ ದಿನ ಎಲ್ಲರ ಮೇಜಿಗೂ ಹೋಗಿ ಸಿಹಿ ಹಂಚಿದಳು. ನನ್ನ ಕೋಣೆಗೂ ಬಂದು, ನಾನು ತಲೆ ಎತ್ತುವುದರೊಳಗೆ ಕಾಗದದ ಮೇಲೆ ಒಂದು ಮೈಸೂರು ಪಾಕ್ ಇಟ್ಟು ಹೋದಳು. ಅದನ್ನು ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಸಂಜೆ ಮನೆಗೆ ಒಯ್ದು ಮಗಳಿಗೆ ಕೊಟ್ಟೆ.

ನಾನು ಈಗಲೂ ಅದೇ ಒಳಕೋಣೆಯಲ್ಲಿದ್ದೇನೆ. ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿವೆ. ಕಾಗದಪತ್ರಗಳ ಪ್ರಕಾರ ನಾನು ಅಪಘಾತದ ನಂತರ ಕೆಲಸಕ್ಕೆ ಮರಳಿದ ನೌಕರ. ಹತ್ತೂವರೆಗೆ ಬರುತ್ತೇನೆ, ಕಡತಗಳ ದೂಳು ಹೊಡೆದು ದಾರ ಕಟ್ಟುತ್ತೇನೆ, ಐದೂವರೆಗೆ ಹೋಗುತ್ತೇನೆ. ಆಸ್ಪತ್ರೆಯ ಆ ಕೋಣೆಗೆ ಹೊಸಬರು ಬಂದಿದ್ದಾರೆಂದು ಯಾರೋ ಹೇಳಿದರು. ಹೋಗಿ ನೋಡಿಲ್ಲ.